ಹೊರಗಿನ ಬೀಡಿ

೧೨ ಜೂನ್ ೨೦೧೧

ಮುದುಕ ಇವತ್ತು ಬೀಡಿಯನ್ನು ಉಲ್ಟಾ ಹಿಡಿದು ತುಟಿ ಸುಟ್ಟುಕೊಂಡ. ಉರಿಯುವ ತುದಿಯನ್ನೇ ಬಾಯಿಗೆ ಇಟ್ಟುಕೊಂಡು, ಹೊಗೆ ಯಾಕೆ ಬರುತ್ತಿಲ್ಲ ಎಂದು ನನ್ನ ಮುಖ ನೋಡಿದ. ನಾನು ನಕ್ಕುಬಿಟ್ಟೆ. ಆಮೇಲೆ ತುಟಿಯ ಮೇಲೆ ಬೊಬ್ಬೆ ಎದ್ದದ್ದು ಕಂಡಿತು. ಕೊಬ್ಬರಿ ಎಣ್ಣೆ ಹಚ್ಚಲು ಹೋದರೆ ಕೈ ತಳ್ಳಿದ. ಸಾಯಲಿ ಎಂದು ಬಿಟ್ಟೆ.

ಈ ಡೈರಿ ಮುರುಮ ಪೇಟೆಯ ಗೊಬ್ಬರದ ಅಂಗಡಿಯವರು ಪುಕ್ಕಟೆ ಕೊಟ್ಟದ್ದು. ಅರ್ಧ ವರ್ಷದ ಹಾಳೆ ಖಾಲಿ ಹೋಗಿವೆ. ಈಗ ಯಾಕೆ ಬರೆಯುತ್ತಿದ್ದೇನೆ ಎಂದರೆ ಮನೆಯಲ್ಲಿ ಮಾತಾಡಲು ಮನುಷ್ಯರು ಇಲ್ಲ. ನಾನು, ಮುದುಕ, ಅಷ್ಟೇ. ಮುದುಕನಿಗೆ ಓದಲು ಬರುವುದಿಲ್ಲ. ಊರು ಮಹಾರಾಷ್ಟ್ರದಲ್ಲಿದೆ, ಓಣಿಯವರು ಕನ್ನಡ ಆಡಿದರೂ ಅಕ್ಷರ ಗೊತ್ತಿಲ್ಲ. ಯಾರನ್ನು ಬೇಕಾದರೂ ಬೈದು ಬರೆಯಬಹುದು. ನಾನು ಏಳನೆಯ ತರಗತಿಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಎಂಟಕ್ಕೆ ಮರಾಠಿ ಹೈಸ್ಕೂಲು. ಅಲ್ಲಿಯ ಮಾಸ್ತರ 'ಏ ಕಾನಡಿ' ಎಂದು ಕರೆದು ಹಿಂದಿನ ಬೆಂಚಿಗೆ ಕೂಡಿಸುತ್ತಿದ್ದ. ಒಂದು ದಿನ ಅವನ ಛಡಿ ಕಸಿದು, ಮುರಿದು, ಅವನ ಮುಂದೆಯೇ ಎಸೆದು ಬಂದೆ. ಮತ್ತೆ ಹೋಗಲಿಲ್ಲ. ಹಾಗಾಗಿ ಬಾಯಲ್ಲಿ ಆಡುವುದು ಒಂದು, ಕೈಗೆ ಬರುವುದು ಆ ಕನ್ನಡ ಶಾಲೆಯ ಪುಸ್ತಕದ ಭಾಷೆ. ಇರಲಿ.

ದೀಪಾವಳಿ ಆದ ಮೇಲೆ ಪುಣೆಗೆ ಕೆಲಸಕ್ಕೆ ಹೋಗುತ್ತೇನೆ. ಬರೆದು ಇಟ್ಟಿದ್ದೇನೆ. ಆಮೇಲೆ ನಾನೇ ಇಲ್ಲ ಅನ್ನಬಾರದು.

೧೪ ಜೂನ್

ಮುರುಮಿನಿಂದ ವಿಮಲಾ ಅತ್ತೆ ಬಂದಳು. ಮುದುಕನ ಮಗಳು, ನನ್ನ ಅಪ್ಪನ ಅಕ್ಕ. ಸುಟ್ಟ ತುಟಿ ನೋಡಿ ಕೂತಲ್ಲಿ ಕೂರಲಿಲ್ಲ. ಇಬ್ಬರನ್ನೂ ಟಮಟಮ್‌ನಲ್ಲಿ ಹಾಕಿಕೊಂಡು ಉಮರ್ಗಾದ ಡಾಕ್ಟರ ಹತ್ತಿರ ಹೋದೆ. ಆ ಮೂರು ಚಕ್ರದ ಟಮಟಮ್ ನನ್ನದಲ್ಲ, ನಾಗನಾಥ ಸೇಠನದು. ನಾನು ಉಮರ್ಗಾದಿಂದ ದಾಳಿಂಬ ಊರಿನ ಮೇಲೆ ಹಾದು ಮುರುಮಿಗೆ ಜನರನ್ನು ಹೇರಿಕೊಂಡು ಸವಾರಿ ಹೊಡೆಯುವ ಆಳು.

ಡಾಕ್ಟರು ಇವತ್ತು ಯಾವ ವಾರ ಎಂದು ಕೇಳಿದರು. ಮುದುಕ ಅವರ ಕೈಗಡಿಯಾರ ನೋಡಿದ. ಇದು ಯಾವ ಊರು ಎಂದು ಕೇಳಿದರು. ನಿಮ್ಮದು ಯಾವ ಊರು ಎಂದು ತಿರುಗಿ ಕೇಳಿದ. ಕಾಂಪೌಂಡರ್ ನಕ್ಕ. ಅವನ ಮುಖ ನೆನಪಿಟ್ಟುಕೊಂಡಿದ್ದೇನೆ.

ತಲೆಗೆ ರಕ್ತ ಒಯ್ಯುವ ನರಗಳು ಇಷ್ಟು ವರ್ಷದ ಹೊಗೆಯಿಂದ ಸಣ್ಣಗಾಗಿವೆಯಂತೆ. ಡೀಸೆಲ್ ಪೈಪಿನಲ್ಲಿ ಕಸ ಕಟ್ಟಿಕೊಂಡ ಹಾಗೆ ಎಂದು ನಾನು ಅರ್ಥ ಮಾಡಿಕೊಂಡೆ. ಬೀಡಿ ಬಿಟ್ಟರೆ ಮರೆವು ನಿಧಾನವಾಗಬಹುದು. ಆದರೆ ಹೋದದ್ದು ತಿರುಗಿ ಬರುವುದಿಲ್ಲ. ಡಾಕ್ಟರು ಮುದುಕನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದರು: "ಆಜೋಬಾ, ಬಿಡಿ ಬಂದ್. ಓಢಾಯಚೀ ನಾಹಿ."

ಅಜ್ಜ, ಇನ್ನು ಬೀಡಿ ಎಳೆಯಬಾರದು ಎಂದು. ಮರಾಠಿಯಲ್ಲಿ ಬೀಡಿ ಸೇದುವುದು ಅನ್ನುವುದಿಲ್ಲ, ಎಳೆಯುವುದು ಅನ್ನುತ್ತಾರೆ. ಓಢ ಎಂದರೆ ಎಳೆ. ನಮ್ಮ ಮನೆಯಲ್ಲೂ ಅದೇ ಮಾತು ಬಂದುಬಿಟ್ಟಿದೆ. ದವಾಖಾನೆಯ ಮೆಟ್ಟಿಲು ಇಳಿಯುವ ಮೊದಲೇ ಮುದುಕ ಕೈ ಚಾಚಿ, "ಓಢ" ಅಂದ.

ಮನೆಗೆ ಬಂದ ಮೇಲೆ ಅತ್ತೆ ಗೋಡೆಯ ಮಾಡ, ಡಬ್ಬಿ, ಹಾಸಿಗೆಯ ಕೆಳಗೆ ಎಲ್ಲ ಹುಡುಕಿ ಸಿಕ್ಕ ಬೀಡಿಕಟ್ಟುಗಳನ್ನೆಲ್ಲ ಒಲೆಗೆ ಹಾಕಿದಳು.

"ಗುರ್ಯಾ, ಮನ್ಯಾಗ ಇರಾಂವ ನೀ ಒಬ್ಬನೇ. ಇನ್ನೊಂದ ಬೀಡಿ ಇವನ ಬಾಯಾಗ ಕಂಡ್ರ ನಿನ್ನ ಬಾಯಿ ಸುಡತೀನಿ ನೋಡು."

ಇಷ್ಟು ಹೇಳಿ ಕೊನೆಯ ಬಸ್ಸಿಗೆ ಹೋದಳು. ಸುಲಭ ಆಯಿತಲ್ಲ ಅವಳಿಗೆ.

೧೭ ಜೂನ್

ಬೇವಿನ ಕಡ್ಡಿ ಬಾಯಲ್ಲಿ ಇಟ್ಟುಕೊಂಡು ಬೆಂಕಿಪೆಟ್ಟಿಗೆ ಹುಡುಕುತ್ತಾನೆ. ಪಕ್ಕದ ಮನೆಯ ಸರುಬಾಯಿ ಬಂದು ಬೈದು ಹೋದಳು. ಅವಳ ಅಂಗಳದಲ್ಲಿ ಯಾರೋ ಸೇದಿ ಎಸೆದ ತುಂಡುಗಳನ್ನು ಕೂತು ಆರಿಸುತ್ತಿದ್ದನಂತೆ. ಊರಿಗೆಲ್ಲ ಪಂಚಾಯಿತಿ ಹೇಳುತ್ತಿದ್ದ ಕಾಶೆಪ್ಪ ಈ ಮುದುಕನೇ. ರಟ್ಟೆ ಹಿಡಿದು ಎಳೆದು ತಂದೆ. ಬಾಗಿಲಲ್ಲಿ ನಿಂತು ಒಳಗೆ ನೋಡುತ್ತ ಮತ್ತೆ ಅದೇ. ಓಢ, ಓಢ.

ಇಲ್ಲ. ಸಿಗುವುದಿಲ್ಲ.

೨೩ ಜೂನ್

ಮಳೆ. ಸವಾರಿ ಇಲ್ಲ. ಬರೆಯುತ್ತೇನೆ.

ಭೂಕಂಪದ ವರ್ಷ ನಾನು ತೆವಳುವ ಕೂಸು. ಗಣಪತಿ ಕಳಿಸಿದ ಮರುದಿನ ಬೆಳಗಿನ ಜಾವ. ಅಪ್ಪ ಸೊಲ್ಲಾಪುರದ ಮಗ್ಗದ ಕೆಲಸಕ್ಕೆ ಹೋಗಿದ್ದ. ಹಳೆಯ ಊರಿನ ಮನೆಯಲ್ಲಿ ಇದ್ದವರು ಮುದುಕ, ಅವ್ವ, ನಾನು. ಮುದುಕ ಬೀಡಿ ಸೇದಲು ಎದ್ದು ಹೊರಗೆ ಅಂಗಳಕ್ಕೆ ಹೋಗಿದ್ದ. ಕಲ್ಲುಮಣ್ಣಿನ ಗೋಡೆ, ಮೇಲೆ ಮೊಣಕಾಲುದ್ದ ಮಣ್ಣಿನ ಮಾಳಿಗೆ. ಎಲ್ಲ ಒಮ್ಮೆಗೇ ಕೂತಿತು. ಅವ್ವ ಹೋದಳು. ನನ್ನನ್ನು ಅಗೆದು ತೆಗೆದರು. ಮುದುಕನಿಗೆ ಒಂದು ಗೀರೂ ಆಗಲಿಲ್ಲ.

ಕಾಶೆಪ್ಪನಿಗೆ ಬೀಡಿಯೇ ದೇವರು, ಅದೇ ಅವನನ್ನು ಹೊರಗೆ ಕರೆದು ಉಳಿಸಿತು ಎಂದು ಈಗಲೂ ಜನ ಚಹಾದ ಅಂಗಡಿಯಲ್ಲಿ ನಗುತ್ತಾರೆ. ಮುದುಕ ಒಮ್ಮೆಯೂ ನಕ್ಕಿಲ್ಲ, ಒಮ್ಮೆಯೂ ಬೈದಿಲ್ಲ. ಆಮೇಲೆ ಸರ್ಕಾರ ಕಟ್ಟಿಕೊಟ್ಟ ಈ ಹೊಸ ಊರಿನ ಸಿಮೆಂಟಿನ ಮನೆಯಲ್ಲಿ ಅವನು ಇವತ್ತಿಗೂ ಮಲಗುವುದಿಲ್ಲ. ಹೊರಗೆ ತಗಡಿನ ಪತ್ರಾದ ಕೆಳಗೆ ಹಗ್ಗದ ಹೊರಸು. ಮಳೆ ಬಂದರೂ ಅಲ್ಲೇ.

ಹೊರಗೆ ಹೋಗುವ ಚಟ ಇಲ್ಲದಿದ್ದರೆ ಅವನು ಒಳಗೆ ಇರುತ್ತಿದ್ದ. ಅವ್ವನ ಕೈ ಹಿಡಿದು ಎಳೆದು ತರುತ್ತಿದ್ದ. ಒಂದು ಬೀಡಿಗಾಗಿ ಹೋದ ನನ್ನ ಮಗ. ಇದನ್ನು ನಾನು ಬುದ್ಧಿ ಬಂದಾಗಿನಿಂದ ಯೋಚಿಸಿದ್ದೇನೆ. ಬಾಯಿ ಬಿಟ್ಟು ಹೇಳಿಲ್ಲ.

ಅವ್ವನ ಫೋಟೋ ಇಲ್ಲ. ಇದ್ದದ್ದು ಮಣ್ಣಿನ ಕೆಳಗೆ ಹೋಯಿತು. ಅಪ್ಪ ಸೊಲ್ಲಾಪುರದಲ್ಲೇ ಇನ್ನೊಂದು ಮದುವೆ ಮಾಡಿಕೊಂಡ, ಅವನ ಜೊತೆ ನನಗೆ ಮಾತಿಲ್ಲ. ಅವ್ವ ಹೇಗಿದ್ದಳು ಎಂದು ಹೇಳಬಲ್ಲವನು ಈ ಮುದುಕ. ಸಣ್ಣವನಿದ್ದಾಗ ಕೇಳಿದರೆ ಎದ್ದು ಹೋಗಿ ಬೀಡಿ ಹಚ್ಚುತ್ತಿದ್ದ. ಆಮೇಲೆ ನಾನು ಕೇಳುವುದನ್ನೇ ಬಿಟ್ಟೆ. ಈಗ ಡಾಕ್ಟರು ಹೇಳುತ್ತಾರೆ, ಹೋದದ್ದು ಬರುವುದಿಲ್ಲ. ಅಂದರೆ ಅವ್ವ ಎರಡನೆಯ ಸಲ ಹೋಗುತ್ತಾಳೆ, ಈ ಸಲ ಇವನ ತಲೆಯ ಒಳಗಿಂದ. ಈ ಸಲ ಅಗೆಯಲು ಜಾಗವೂ ಇಲ್ಲ.

೩ ಜುಲೈ

ಬೀಡಿ ಕೊಟ್ಟೆ.

ಎರಡು ದಿನದಿಂದ ರೊಟ್ಟಿ ಮುಟ್ಟಿರಲಿಲ್ಲ. ಗೋಡೆ ಸವರುತ್ತ ಮನೆ ಸುತ್ತುತ್ತಿದ್ದ. ಸವಾರಿಯವರು ಯಾರೋ ಸೀಟಿನ ಮೇಲೆ ಅರ್ಧ ಕಟ್ಟು ಮರೆತು ಹೋಗಿದ್ದರು. ಒಂದು ತೆಗೆದು, ನಾನೇ ಹಚ್ಚಿ, ಸರಿಯಾದ ತುದಿ ಬಾಯಿಗೆ ಇಟ್ಟೆ. ಸೊಟ್ಟ ಉಗುರಿನ ಬೆರಳುಗಳ ನಡುವೆ ಹಿಡಿದ. ಎರಡು ದಮ್ಮು ಎಳೆಯುವುದರಲ್ಲಿ ಹೆಗಲು ಇಳಿಯಿತು. ಕಣ್ಣು ಬಂದು ಒಂದು ಕಡೆ ನಿಂತವು. ಯಾರೋ ಕೇಳಿದ ಹಾಗೆ ತಾನೇ ಹೇಳಿದ.

"ನಿಮ್ಮವ್ವ ಹುಣಸಿಕಾಯಿ ಕದ್ದ ತಿಂತಿದ್ಳು. ಸೆರಗಿನ ತುದ್ಯಾಗ ಉಪ್ಪ ಕಟಗೊಂಡ ಅಡ್ಡಾಡಾಕಿ."

ನಾನು ಅಲುಗಾಡಲಿಲ್ಲ. ಬೇರೆ ಏನು ತಿನ್ನುತ್ತಿದ್ದಳು, ಹೇಗಿದ್ದಳು ಎಂದು ಮೆಲ್ಲಗೆ ಕೇಳಿದೆ. ಅಷ್ಟರಲ್ಲಿ ಬೀಡಿ ಮುಗಿದಿತ್ತು. ರೊಟ್ಟಿ ಆಯಿತೇ ಎಂದು ಕೇಳಿ ಕೂತು ತಿಂದ.

ಸೆರಗಿನ ತುದಿಯಲ್ಲಿ ಉಪ್ಪು. ಅವ್ವನ ಬಗ್ಗೆ ನನಗೆ ಗೊತ್ತಾದ ಮೊದಲನೆಯ ಸಂಗತಿ.

೪ ಜುಲೈ

ಒಂದು ಪೂರಾ ಕಟ್ಟು ತಂದೆ. ಟಮಟಮ್ ಸೀಟಿನ ಕೆಳಗೆ ಇದೆ.

೧೯ ಜುಲೈ

ವ್ಯವಹಾರ ಕುದುರಿದೆ. ಅವನು ಓಢ ಅನ್ನುತ್ತಾನೆ, ನಾನು ಬೀಡಿ ಕೊಡುತ್ತೇನೆ, ಅವನು ಅವ್ವನನ್ನು ಕೊಡುತ್ತಾನೆ. ಎದುರು ಕೂತು ನಾನೂ ಒಂದು ಹಚ್ಚುತ್ತೇನೆ, ಜೊತೆ ಇದ್ದರೆ ಮಾತು ಬೇಗ ಬರುತ್ತದೆ. ಮೊದಲು ಕೆಮ್ಮು ಬರುತ್ತಿತ್ತು. ಈಗ ರೂಢಿ ಆಗಿದೆ.

ರೇಶನ್ ಕಾರ್ಡಿನಲ್ಲಿ ಅವಳು ಜಯಮಾಲಾ. ಮುದುಕ ಜಯಾ ಅನ್ನುತ್ತಾನೆ. ನಿಲಂಗಾ ಕಡೆಯ ಹುಡುಗಿ, ಮನೆಮಾತು ಮರಾಠಿ. ಎಮ್ಮೆ ಕಂಡರೆ ಹೆದರಿಕೆ, ಹಾವು ಕಂಡರೆ ಇಲ್ಲ. ಮುದುಕ ಅವಳ ಜೊತೆ ಮರಾಠಿಯಲ್ಲೇ ಮಾತಾಡುತ್ತಿದ್ದನಂತೆ, ಸೊಸೆಗೆ ತ್ರಾಸ ಆಗಬಾರದು ಎಂದು. ಅವನ ಮರಾಠಿ ಕೇಳಿ ಅವಳು ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಳಂತೆ. ಇದನ್ನು ಹೇಳುವಾಗ ಮುದುಕನೂ ಅಂಗಿಯ ತುದಿಯನ್ನು ಬಾಯಿಗೆ ಒತ್ತಿಕೊಂಡು ತೋರಿಸಿದ. ಹಲ್ಲಿಲ್ಲದ ಆ ಬಾಯಿಯಲ್ಲಿ ಅವಳು ಹೇಗೆ ನಗುತ್ತಿದ್ದಳು ಎಂದು ನೋಡಲು ಎಷ್ಟು ಪ್ರಯತ್ನ ಮಾಡಿದೆನೋ.

ಬೆಳಗಿನ ಜಾವದ ಸುದ್ದಿ ಮಾತ್ರ ಬರುವುದಿಲ್ಲ. ಅದಕ್ಕೆ ಬಂದ ಕೂಡಲೇ ನಿಲ್ಲಿಸಿ, ಓಢ ಅನ್ನುತ್ತಾನೆ. ಕೆಲವು ಸಲ ಕೈಯಲ್ಲಿ ಉರಿಯುವ ಬೀಡಿ ಇರುವಾಗಲೇ ಅನ್ನುತ್ತಾನೆ. ನಿನ್ನೆ ನನಗೆ ತಲೆ ಕೆಟ್ಟಿತು. "ಕೈಯಾಗೇ ಅದಲ್ಲೋ ಮುತ್ಯಾ, ಓಢ ಎಷ್ಟ ಓಢತಿ ಓಢ" ಎಂದು ಕೂಗಿದೆ. ಹೆದರಿ ಬೀಡಿ ಕೆಳಗೆ ಹಾಕಿದ.

ಧೋತರ ಉಡುವುದು ಮರೆತಿದ್ದಾನೆ. ಈಗ ನಾನು ಉಡಿಸುತ್ತೇನೆ.

೭ ಆಗಸ್ಟ್

ಅತ್ತೆ ಬಂದಳು. ಹೊಸ್ತಿಲಲ್ಲೇ ಮೂಗು ಎಳೆದಳು. ಸೀದಾ ಟಮಟಮ್ ಹತ್ತಿರ ಹೋಗಿ ಸೀಟು ಎತ್ತಿ ಕಟ್ಟು ತೆಗೆದಳು, ನಾನು ಎಲ್ಲಿ ಇಡುತ್ತೇನೆ ಎಂದು ಗೊತ್ತಿದ್ದವಳ ಹಾಗೆ. ಓಣಿಯವರೆಲ್ಲ ನೋಡುವಂತೆ ಕಪಾಳಕ್ಕೆ ಹೊಡೆದಳು.

"ಕೂಸಿಗಿ ಹಾಲ ಕೊಟ್ಟಂಗ ಬೀಡಿ ಕೊಡ್ಲಕತ್ತೀ ಏನೋ ಇವನಿಗಿ? ಸಾಯ್ಲಿ ಅಂತೀ?"

"ಮತ್ತ ಅವ್ವನ ಸುದ್ದಿ ನೀ ಹೇಳ್ತೀ ಏನು? ಇಷ್ಟ ವರ್ಷದಾಗ ಒಂದಿನಾ ಹೇಳೀದಿ?"

ಅವಳು ಎತ್ತಿದ ಕೈ ಹಾಗೇ ಇಳಿಸಿದಳು. ಹೊಸ್ತಿಲ ಮೇಲೆ ಕೂತಳು. "ನೀ ಕೇಳಬೇಕಿಲ್ಲ? ನಾ ಏನ್ ಮೂಕಿ ಅದೀನೇನು?" ಅಂದಳು.

ಆಮೇಲೆ ಒಂದು ಹೇಳಿದಳು. ಅವ್ವ ಮದುವೆಯಾಗಿ ಬಂದ ಹೊಸತು. ಅತ್ತೆ ಪಂಚಮಿಗೆ ತವರಿಗೆ ಬಂದಿದ್ದಳು. ಅಂಗಳದಲ್ಲಿ ಒಣಗಲು ಹಾಕಿದ ಜೋಳಕ್ಕೆ ಸರುಬಾಯಿಯ ಆಡು ಬಾಯಿ ಹಾಕಿತು. ಅತ್ತೆ ಒಳಗಿನಿಂದ, ಓಡಸು, ಅದನ್ನ ಓಡಸು ಎಂದು ಕೂಗಿದಳು. ಅವ್ವನ ಮರಾಠಿ ಕಿವಿಗೆ ಅದು ಓಢ ಎಂದು ಕೇಳಿತು. ಆಡಿನ ಕಿವಿ ಹಿಡಿದು ಜಗ್ಗಿ ಎಳೆದು, ಅಂಗಳ ದಾಟಿಸಿ, ಅಡುಗೆಮನೆಯ ಒಳಗೆ ತಂದು ನಿಲ್ಲಿಸಿ, ಮುಂದೇನು ಮಾಡಲಿ ಎಂದು ನೋಡಿದಳಂತೆ.

"ಇನ್ನೊಮ್ಮಿ ಓಡಸು ಅಂದಿದ್ರ ಮಣಿ ಹಾಕಿ ಊಟಕ್ಕ ಕೂಡಸ್ತಿದ್ಳು ಆ ಆಡಿಗಿ."

ಅತ್ತೆ ಕಣ್ಣು ಒರೆಸಿಕೊಂಡು ನಕ್ಕಳು. ನಾನೂ ನಕ್ಕೆ, ಕಪಾಳ ಉರಿಯುತ್ತಿತ್ತು, ಆದರೂ. ಮುದುಕ ಮಾತ್ರ ನಗಲಿಲ್ಲ. ಗೋಡೆಯ ಕಡೆ ತಿರುಗಿ ಮಲಗಿಬಿಟ್ಟ.

ಬೀಡಿ ನಿಲ್ಲಿಸುತ್ತೇನೆ ಎಂದು ಅತ್ತೆಗೆ ಮಾತು ಕೊಟ್ಟೆ. ಸುಳ್ಳು. ಆ ಬೆಳಗಿನ ಜಾವದ ಸುದ್ದಿ ಸಿಕ್ಕ ಮೇಲೆ ನಿಲ್ಲಿಸುತ್ತೇನೆ.

೨೧ ಆಗಸ್ಟ್

ಸಂಜೆ ಬಂದು ಟಮಟಮ್ ನಿಲ್ಲಿಸಿದೆ. ಹೊರಸಿನಿಂದ ಎದ್ದು, ಧೋತರ ಸರಿ ಮಾಡಿಕೊಂಡು ಹತ್ತಿರ ಬಂದ.

"ನೀವು ಮುರುಮಕ್ಕ ಹೋಗ್ತೀರೇನ್ರಿ? ಅಲ್ಲಿ ನನ ಮಗಳ ಮನಿ ಅದ."

"ಮುತ್ಯಾ, ನಾ ಗುರ್ಯಾ."

"ಹೌದ್ರೀ? ಛಲೋ ಆಯ್ತ ಬಿಡ್ರೀ."

ಮಾಸ್ತರನ ಛಡಿ ಹೀಗೆ ಬಿದ್ದಿರಲಿಲ್ಲ. ರೀ ಅಂದ. ನನಗೆ.

೨೨ ಆಗಸ್ಟ್

ಹೆದರಿಕೆಯಾಗಿ ಇವತ್ತು ಒಂದರ ಮೇಲೆ ಒಂದು ಕೊಟ್ಟೆ. ಉಳಿದದ್ದೆಲ್ಲ ಇವತ್ತೇ ಬಂದುಬಿಡಲಿ ಎಂದು. ತಪ್ಪು ಎಂದು ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ.

ಮಧ್ಯಾಹ್ನ ಕಟ್ಟು ಮುಗಿಯುತ್ತ ಬಂದಾಗ ಮುತ್ಯಾ ಸಣ್ಣ ಹೆಣ್ಣುದನಿ ಮಾಡಿ ಹೇಳಿದ: "ಮಾಮಾ, ಬಾಹೇರ ಜಾಊನ ಓಢಾ. ಬಾಳಾಲಾ ಖೋಕಲಾ ಆಹೇ."

ಅದು ಅವ್ವನ ಮಾತು. ಮಾವ, ಹೊರಗೆ ಹೋಗಿ ಸೇದಿರಿ, ಮಗುವಿಗೆ ಕೆಮ್ಮು ಇದೆ.

ಆಮೇಲೆ ತನ್ನ ದನಿಯಲ್ಲಿ ಅಂದ: "ನಾ ಹೊರಗ ಹೋಗಾಂವಲ್ಲ. ಒಲಿ ಮುಂದ ಕುಂತೇ ಓಢಾಂವ. ಕೂಸ ಕೆಮ್ಮಿ ಕೆಮ್ಮಿ ನೀಲಿ ಆಗಿತ್ತ. ಆಕಿ ಹೇಳಿದ್ಳಂತ ಹೋದೆ."

ಚಟ ಅವನನ್ನು ಹೊರಗೆ ಕರೆದಿರಲಿಲ್ಲ. ಅವ್ವ ಕಳಿಸಿದ್ದಳು. ಆ ಕ್ಷಣ ಯಾರ ಕೆಮ್ಮಿಗಾಗಿ ಹೋದನೋ ಆ ಕೂಸು ನಾನು.

ಆಮೇಲೆ ಟಮಟಮ್ ಹಿಂದಿನ ಚಕ್ರ ಬಿಚ್ಚಲು ಹೋದೆ. ನಟ್ಟು ಬಿಗಿದುಕೊಂಡಿದ್ದವು. ಸಂಜೆಯವರೆಗೆ ಒಂದೂ ಬಿಚ್ಚಲಿಲ್ಲ.

೪ ಸೆಪ್ಟೆಂಬರ್

ಉರಿಯುವ ಬೀಡಿ ಕೌದಿಯ ಮೇಲೆ ಬಿದ್ದು, ಮುತ್ಯಾನ ತೊಡೆ ಸುಟ್ಟಿತು. ಅವನಿಗೆ ಗೊತ್ತೇ ಆಗಲಿಲ್ಲ. ವಾಸನೆ ಬಂದು ನಾನು ನೀರು ಹಾಕಿದೆ.

ಉಳಿದ ಬೀಡಿಗಳನ್ನು ನಾಲೆಗೆ ಎಸೆದೆ. ಒಂದನ್ನು ಮಾತ್ರ ಜೇಬಿನಲ್ಲಿ ಇಟ್ಟುಕೊಂಡಿದ್ದೇನೆ. ತೀರಾ ಹಿಡಿತಕ್ಕೆ ಸಿಗದ ದಿನಕ್ಕೆ ಇರಲಿ. ನನಗೂ ಸೇದಬೇಕು ಅನ್ನಿಸುವುದಿಲ್ಲ ಈಗ, ಬಾಯಿ ಕಹಿಯಾಗುತ್ತದೆ.

ಮನೆಯಲ್ಲಿ ಬಿಟ್ಟರೆ ತುಂಡು ಆರಿಸಲು ಹೋಗುತ್ತಾನೆ. ಅದಕ್ಕೆ ಟಮಟಮ್‌ನಲ್ಲಿ ನನ್ನ ಪಕ್ಕ ಕೂಡಿಸಿಕೊಂಡು, ಬೀಳದ ಹಾಗೆ ಟವೆಲಿನಿಂದ ಕಂಬಿಗೆ ಕಟ್ಟಿಕೊಂಡು ಸವಾರಿ ಹೊಡೆಯುತ್ತೇನೆ. ಒಬ್ಬ ಸವಾರಿಯ ಜಾಗ ಕಡಿಮೆಯಾಗುತ್ತದೆ ಎಂದು ನಾಗನಾಥ ಸೇಠ ಕೂಗಾಡಿದ. ನಿನ್ನ ಮುತ್ಯಾನನ್ನು ಹಿಂದೆ ಸಾಮಾನಿನ ಜೊತೆ ಹಾಕು ಅಂದ. ನಿಮ್ಮ ಅಪ್ಪನನ್ನು ಹಾಕಿರಿ ಅಂದೆ. ಕೆಲಸ ಹೋಗಿಲ್ಲ ಇನ್ನೂ.

ಪತ್ರಾ ಸೋರುತ್ತಿದೆ. ದೀಪಾವಳಿಗೆ ಹೊಸದು ಹಾಕಿಸಬೇಕು, ಚಳಿಗಾಲದಲ್ಲಿ ಇಬ್ಬನಿ ಬೀಳುತ್ತದೆ.

೧೬ ಸೆಪ್ಟೆಂಬರ್

ಇದನ್ನು ಸರಿಯಾಗಿ ಬರೆಯಬೇಕು.

ಮಧ್ಯಾಹ್ನ ಊಟಕ್ಕೆ ಮನೆಗೆ ಬಂದಿದ್ದೆವು. ನಾನು ಒಳಗೆ ರೊಟ್ಟಿ ತೆಗೆಯುತ್ತಿದ್ದೆ, ಮುತ್ಯಾ ಹೊರಗೆ ಹೊರಸಿನ ಮೇಲೆ. ಗುಡ್ಡದ ಕಡೆಯ ಕಲ್ಲಿನ ಖಣಿಯಲ್ಲಿ ಸುರುಂಗದ ಮದ್ದು ಸಿಡಿಸಿದರು. ಈ ಸಲ ಜೋರಾಗಿ ಹಾರಿಸಿದ್ದರು. ನೆಲ ಒಮ್ಮೆ ಝಂಯ್ ಅಂದಿತು, ಮಾಡದ ಮೇಲಿನ ತಾಟುಗಳು ಗಲಗಲ ಅಂದವು. ನನಗೆ ಅದು ದಿನದ ಸದ್ದು.

ಮುತ್ಯಾ ಬಾಗಿಲಿಗೆ ಓಡಿ ಬಂದ. ಕೋಲಿಲ್ಲದೆ. ಒಳಗೆ ಕಾಲಿಡದೆ ಎರಡೂ ಕೈಯಿಂದ ಚೌಕಟ್ಟು ಹಿಡಿದು, ಒಳಗೆ ನೋಡುತ್ತ, ಓಢ, ಓಢ ಎಂದು ಚೀರಿದ. ಆ ದನಿ ನಾನು ಕೇಳಿರಲಿಲ್ಲ. ಇವತ್ತು ತೀರಾ ಹಿಡಿತ ತಪ್ಪಿದೆ ಎಂದು ಜೇಬಿನ ಬೀಡಿ ತೆಗೆದು ಮುಂದೆ ಹಿಡಿದೆ. ಮುತ್ಯಾ ಅದನ್ನು ಕೈಯಿಂದ ಹೊಡೆದು ಕೆಡವಿದ. ಈ ಮನುಷ್ಯ ಬೀಡಿಯನ್ನು ಬೇಡ ಅಂದದ್ದು ನಾನು ಕಂಡಿಲ್ಲ.

ಆಗ ಅವನ ಕೈ ನೋಡಿದೆ. ಬೇಡುವ ಕೈ ಅಲ್ಲ ಅದು. ಕರೆಯುವ ಕೈ. ಬೆರಳು ಒಳಕ್ಕೆ ಮಡಚಿ, ಬಾ ಬಾ ಎಂದು ಹೊರಗೆ ಕರೆಯುತ್ತಿತ್ತು.

"ಓಡ, ಜಯಾ, ಓಡ!"

ಅದು ಓಢ ಆಗಿರಲೇ ಇಲ್ಲ. ಹಲ್ಲಿಲ್ಲದ ಬಾಯಿ, ನಾನು ಕೇಳಿಸಿಕೊಂಡದ್ದೇ ತಪ್ಪು. ಅದು ನಮ್ಮ ಮಾತು. ಓಡು. ಬೀಡಿ ಬೇಡಿದ ದಿನಗಳೂ ಇದ್ದವು, ಇಲ್ಲ ಅನ್ನುವುದಿಲ್ಲ. ಆದರೆ ಬಾಗಿಲಲ್ಲಿ ನಿಂತು ಅಂದದ್ದು, ಕೈಯಲ್ಲಿ ಬೀಡಿ ಇರುವಾಗ ಅಂದದ್ದು, ಆ ಬೆಳಗಿನ ಜಾವಕ್ಕೆ ಬಂದ ಕೂಡಲೇ ಅಂದದ್ದು, ಅದೆಲ್ಲ ಓಡ. ನಾನು ಯಾವ ಸುದ್ದಿಗಾಗಿ ಬೀಡಿ ಕೊಡುತ್ತಿದ್ದೆನೋ ಆ ಸುದ್ದಿಯನ್ನು ಅವನು ದಿನಾ ಹೇಳುತ್ತಿದ್ದ. ಪ್ರತಿ ಸಲ ನಾನು ಅವನ ಬಾಯಿಗೆ ಬೀಡಿ ಇಟ್ಟು ಮುಚ್ಚಿದೆ.

ತಾಟು ಕೆಳಗೆ ಇಟ್ಟು, ಕರೆದ ಹಾಗೆ ಹೊರಗೆ ಓಡಿ ಬಂದೆ. ಮುತ್ಯಾ ನನ್ನ ಅಂಗಿ ಮುಷ್ಟಿಯಲ್ಲಿ ಹಿಡಿದುಕೊಂಡ. ಬಿಡಲಿಲ್ಲ. ರೊಟ್ಟಿ ಆರಿ ಹೋಯಿತು.

೧೭ ಸೆಪ್ಟೆಂಬರ್

ಸರುಬಾಯಿಯ ಅಂಗಳಕ್ಕೆ ಹೋಗಿ ಕೂತೆ. ಹಳೆಯ ಊರಿನಲ್ಲೂ ಅವಳದು ಪಕ್ಕದ ಮನೆಯೇ. ನೀನು ಕಂಡದ್ದನ್ನೆಲ್ಲ ಹೇಳು ಅಂದೆ. ಅವಳು ತೊಗರಿ ಹಸನು ಮಾಡುತ್ತಿದ್ದಳು. ಮೊರ ಪಕ್ಕಕ್ಕೆ ಇಟ್ಟಳು.

ಕತ್ತಲು, ಧೂಳು, ಏನೂ ಕಾಣಲಿಲ್ಲ, ಕೇಳಿಸಿತು ಅಷ್ಟೇ ಅಂದಳು. ಕಾಶೆಪ್ಪ ಬಾಗಿಲಿಗೆ ಓಡಿ ಹೋಗಿ ಒಳಗೆ ಓಡ, ಓಡ ಎಂದು ಕೂಗಿದನಂತೆ. ಮಾಳಿಗೆ ಕೂತ ಮೇಲೂ ಕೂಗುತ್ತಲೇ ಕೈಯಿಂದ ಅಗೆದನಂತೆ. ಉಗುರು ಕಿತ್ತು ಹೋದವು, ಆಮೇಲೆ ಸೊಟ್ಟಗೆ ಬಂದವು. ಸಣ್ಣವನಿದ್ದಾಗ ಆ ಉಗುರುಗಳ ಜೊತೆ ಆಟ ಆಡಿದ್ದೇನೆ.

ಅವ್ವ ಎಲ್ಲಿ ಇದ್ದಳು ಎಂದು ಕೇಳಿದೆ.

"ಹಾಸಿಗಿ ಮ್ಯಾಲೇ ಇದ್ಳು. ಎದ್ದಿದ್ದಿಲ್ಲ. ನಿನಗ ಹೊಟ್ಟ್ಯಾಗ ಎಳಕೊಂಡ ಬೋರಲ ಬಿದ್ದಿದ್ಳು. ಆಕಿನ್ನ ಬಿಡಿಸಿ ನಿನಗ ತೆಗೀಬೇಕಾದ್ರ ನಾಕ ಮಂದಿ ಬೇಕಾಯ್ತು."

ಎದ್ದು ಓಡಿದ್ದರೆ ಎಂದು ಕೇಳಿದೆ.

"ಎಲ್ಲಿಗಿ ಓಡ್ತಾಳಪಾ? ಬಾಗಲ ಮ್ಯಾಲಿನ ದೊಡ್ಡ ಕಲ್ಲೇ ಮೊದಲ ಬಿತ್ತು. ಓಡಿದ್ರ ಇಬ್ಬರೂ ಅದರ ಬುಡಕ."

ಆಡಿನ ಕಥೆ ಅತ್ತೆ ಹೇಳಿ ನಕ್ಕಿದ್ದು ನೆನಪಾಯಿತು. ಮುತ್ಯಾ ಓಡು ಅಂದ. ಅವಳಿಗೆ ಎಳೆ ಎಂದು ಕೇಳಿತು. ಎಳೆದುಕೊಂಡಳು.

ಸರುಬಾಯಿ ಚಹಾ ಕುಡಿದು ಹೋಗು ಅಂದಳು. ಕುಡಿದೆ. ಸಕ್ಕರೆ ಜಾಸ್ತಿ ಹಾಕಿದ್ದಳು.

೩೦ ಸೆಪ್ಟೆಂಬರ್

ಭೂಕಂಪ ಆದ ದಿನ. ಪ್ರತಿ ವರ್ಷ ಈ ದಿನ ದೂರದ ಸವಾರಿ ಹಿಡಿದು ಹೋಗಿಬಿಡುತ್ತಿದ್ದೆ. ಇವತ್ತು ಮುತ್ಯಾನಿಗೆ ಒಗೆದ ಧೋತರ ಉಡಿಸಿ, ಟಮಟಮ್‌ನಲ್ಲಿ ಕಟ್ಟಿಕೊಂಡು ಹಳೆಯ ಊರಿಗೆ ಹೋದೆ. ಜನ ಹೂ ತಂದಿದ್ದರು. ನಾನು ಎಳೆ ಹುಣಸೆಕಾಯಿ ಮತ್ತು ಕಾಗದದಲ್ಲಿ ಉಪ್ಪು ಒಯ್ದಿದ್ದೆ. ಯಾರಾದರೂ ಕೇಳಿದರೆ ಹೊಡೆಯುತ್ತಿದ್ದೆ, ಯಾರೂ ಕೇಳಲಿಲ್ಲ.

ನಮ್ಮ ಮನೆ ಇದ್ದಲ್ಲಿ ಈಗ ಮಣ್ಣಿನ ದಿಬ್ಬ, ಜಾಲಿ. ಎಲ್ಲಿ ಏನಿತ್ತು ಎಂದು ನನಗೆ ಗೊತ್ತಿಲ್ಲ. ಮುತ್ಯಾನಿಗೆ ಇವತ್ತು ಯಾವ ವಾರ ಎಂದು ಗೊತ್ತಿಲ್ಲ, ಆದರೆ ನನ್ನ ಕೈ ಬಿಡಿಸಿಕೊಂಡು ಸೀದಾ ಒಂದು ಜಾಗಕ್ಕೆ ಹೋಗಿ ಕೂತ. ಒಲೆ ಇದ್ದ ಜಾಗವಂತೆ. ಗುಂಪಿನಲ್ಲಿ ಯಾರೋ ಹಳೆಯ ಪರಿಚಯದವರು ಅವನಿಗೆ ಒಂದು ಬೀಡಿ ಕೊಟ್ಟಿದ್ದರು. ಕಿವಿಯ ಮೇಲೆ ಸಿಗಿಸಿಕೊಂಡಿದ್ದ. ಕಸಿಯಬೇಕು ಅಂದುಕೊಂಡೆ. ಕಸಿಯಲಿಲ್ಲ.

ಬಾಗಿಲು ಇದ್ದಿರಬೇಕಾದ ಕಡೆ ನೋಡಿ, ಓಡ ಅಂದ. ಮೆಲ್ಲಗೆ. ಆಮೇಲೆ ನನ್ನ ಕಡೆ ತಿರುಗಿದ. ನಾನು ಯಾರೋ ಹೂ ಹಾಕಲು ಬಂದವನು ಅವನಿಗೆ.

"ಪಳ ಅನಬೇಕಿತ್ತರೀ."

ಪಳ ಅಂದರೆ ಮರಾಠಿಯಲ್ಲಿ ಓಡು.

"ಆಕಿ ಜೋಡಿ ಯಾವಾಗ್ಲೂ ಮರಾಠಿನೇ ಮಾತಾಡ್ತಿದ್ದೆ. ಅವತ್ತ ಬಾಯಾಗ ನಮ್ಮ ಮಾತೇ ಬಂತ. ಪಳ ಅಂದಿದ್ರ ಪಳತಿದ್ಳು."

ಇಷ್ಟು ವರ್ಷ ಎದ್ದು ಹೋಗಿ ಬೀಡಿ ಹಚ್ಚಿದ್ದು ಇದಕ್ಕೆ. ಬೈಗುಳ ಬಿಟ್ಟು ಬೇರೆ ಮಾತು ಬರುವುದಿಲ್ಲ ನನಗೆ, ಆದರೂ ಹೇಳಿದೆ.

"ಛಲೋನೇ ಆಯ್ತು ಮುತ್ಯಾ. ಬಾಗಲದಾಗ ಕಲ್ಲ ಬಿದ್ದಿತ್ತ, ಓಡಿದ್ರ ಇಬ್ಬರೂ ಹೋಗ್ತಿದ್ರು. ಆಕಿಗಿ ಓಢ ಅಂತ ಕೇಳಸ್ತು. ಕೂಸಿನ್ನ ಓಢಕೊಂಡ್ಳು. ನಿನ್ನ ಮಾತ ಕೇಳೇ ಕೂಸ ಉಳೀತು."

"ಕೂಸ ಉಳೀತೇನ್ರಿ?"

"ಉಳೀತು."

ಆ ಕೂಸು ನಾನೇ ಅನ್ನಬೇಕಿತ್ತು. ಅಂದರೆ, ಹೌದ್ರೀ, ಛಲೋ ಆಯ್ತ ಬಿಡ್ರೀ ಅನ್ನುತ್ತಾನೆ. ಅದಕ್ಕೆ, "ದೊಡ್ಡಾಂವ ಆಗ್ಯಾನ. ಟಮಟಮ್ ಹೊಡೀತಾನ" ಅಂದೆ.

ಮುತ್ಯಾ ಒಲೆ ಇದ್ದ ಜಾಗದ ಮಣ್ಣು ಸವರಿದ.

"ಕೆಮ್ಮು?"

"ಹೋಗ್ಯಾದ."

ತಲೆ ಆಡಿಸಿದ. ಕಿವಿಯ ಮೇಲಿನ ಬೀಡಿ ತೆಗೆದು, ಎರಡೂ ತುದಿ ತಿರುಗಿಸಿ ತಿರುಗಿಸಿ ನೋಡಿ, ನನ್ನ ಅಂಗೈಯಲ್ಲಿ ಇಟ್ಟು ಬೆರಳು ಮಡಚಿದ. ದನಿ ಇಳಿಸಿ, ಯಾರೋ ಮಲಗಿದ್ದಾರೆ ಎಂಬಂತೆ ಹೇಳಿದ.

"ನೀವು ಓಢತಿದ್ರ ಹೊರಗ ಹೋಗಿ ಓಢರಿ. ಮನ್ಯಾಗ ಕೂಸ ಅದ."

ಮನೆ ಎಲ್ಲಿತ್ತು. ತಲೆಯ ಮೇಲೆ ಬಿಸಿಲು, ಸುತ್ತ ಸೋಯಾಬೀನಿನ ಹೊಲ. ಆದರೂ ಎದ್ದೆ. ಬಾಗಿಲು ಇದ್ದ ಜಾಗ ದಾಟಿ, ಅಂಗಳ ಇದ್ದ ಜಾಗ ದಾಟಿ, ಹೊರಗೆ ಹೋಗಿ ನಿಂತೆ.